ಗಡಿ ಎಲ್ಲಿದೆ? — ಪೋಲೀಸು ಸಹಕಾರದ ಒಂದು ವಿಮರ್ಶೆ

ಭಯೋತ್ಪಾದನೆಗೆ ಗಡಿಯಿಲ್ಲ, ಪೋಲೀಸರಿಗೆ ಗಡಿಯುಂಟು ಎಂದು ಹೇಳುವುದು ವಾಡಿಕೆ. ಸಂವಿಧಾನದ ಏಳನೆಯ ಅನುಸೂಚಿಯು ಪೋಲೀಸು ವ್ಯವಸ್ಥೆಯನ್ನು ರಾಜ್ಯಗಳಿಗೆ ಒಪ್ಪಿಸಿರುವುದರಿಂದ ಈ ಮಾತು ನಿರಾಧಾರವಲ್ಲ. ಆ ತೊಡಕನ್ನು ನೀಗಲೆಂದು 2008ರ ಕೊನೆಯಲ್ಲಿ ರಾಷ್ಟ್ರೀಯ ತನಿಖಾ ದಳಕ್ಕಾಗಿ ಶಾಸನವೂ ಬಂದಿತು. ಆದರೆ ತೊಡಕು ರಾಜ್ಯಗಳ ಎಲ್ಲೆಯಲ್ಲಿಯೇ ಇದೆಯೆ ಎಂಬುದು ವಿಚಾರಾರ್ಹ.

2006ರ ಜುಲೈ 11ರ ಸಂಜೆ ಮುಂಬಯಿಯ ಪಶ್ಚಿಮ ರೈಲುಮಾರ್ಗದಲ್ಲಿ 7 ಬಾಂಬುಗಳು ಸಿಡಿದು 180ಕ್ಕೂ ಹೆಚ್ಚು ಜನ ಮಡಿದರು. ಅವುಗಳಲ್ಲೊಂದು ಸಿಡಿದದ್ದು ಜೋಗೇಶ್ವರಿಯಲ್ಲಿ. ರಾಜ್ಯದ ಭಯೋತ್ಪಾದನ ನಿಗ್ರಹ ದಳವು ಒಂದು ಗುಂಪಿನ ಮೇಲೆ ಆರೋಪ ಹೊರಿಸಿತು. 2008ರಲ್ಲಿ ನಗರದ ಅಪರಾಧ ಪತ್ತೆ ವಿಭಾಗವು ಬಂಧಿಸಿದವರ ಹೇಳಿಕೆಯು ಇನ್ನೊಂದು ಗುಂಪಿನ ಕಡೆಗೆ ಬೊಟ್ಟುಮಾಡಿತು. ಒಂದೇ ನಗರ, ಒಂದೇ ಸರಕಾರ. ಆದರೂ ವೃತ್ತಾಂತಗಳು ಎರಡು. 2015ರಲ್ಲಿ ವಿಶೇಷ ನ್ಯಾಯಾಲಯವು 12 ಮಂದಿಯನ್ನು ಶಿಕ್ಷಿಸಿ, ಅವರಲ್ಲಿ 5 ಮಂದಿಗೆ ಮರಣದಂಡನೆ ವಿಧಿಸಿತು. 2025ರ ಜುಲೈ 21ರಂದು ಉಚ್ಚ ನ್ಯಾಯಾಲಯವು ಅವರೆಲ್ಲರೂ ನಿರ್ದೋಷಿಗಳೆಂದು ತೀರ್ಪಿತ್ತಿತು. ಸರಕಾರವು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಮಡಿದವರ ಮನೆಯವರಿಗೆ 19 ವರ್ಷಗಳ ಅನಂತರವೂ ನಿಶ್ಚಿತವಾದ ಉತ್ತರ ದೊರೆಯಲಿಲ್ಲ.

ಇದಕ್ಕೆ ಪ್ರತಿಯಾಗಿ, ರಾಜ್ಯದ ಎಲ್ಲೆಯನ್ನು ದಾಟಿದ ನಿದರ್ಶನವೊಂದುಂಟು. 2013ರಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರಲ್ಲಿ ಕೊಲ್ಲಾಪುರದಲ್ಲಿ ಗೋವಿಂದ ಪಾನ್ಸರೆ, ಅದೇ ವರ್ಷ ಧಾರವಾಡದಲ್ಲಿ ವಚನ ವಿದ್ವಾಂಸರಾದ ಎಂ. ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಈ ಪ್ರಕರಣಗಳು ಬೇರೆ ಬೇರೆ ತನಿಖಾ ಸಂಸ್ಥೆಗಳ ಕೈಯಲ್ಲಿದ್ದುವು. ಗೌರಿಯವರ ಹತ್ಯೆಯನ್ನು ಶೋಧಿಸುತ್ತಿದ್ದ ಕರ್ನಾಟಕದ ವಿಶೇಷ ತಂಡವು ತನಗೆ ದೊರೆತ ಸುಳಿವನ್ನು ಮಹಾರಾಷ್ಟ್ರಕ್ಕೆ ಒಪ್ಪಿಸಿತು. 2018ರ ಆಗಸ್ಟಿನಲ್ಲಿ ಜೋಗೇಶ್ವರಿಯ ಉತ್ತರಕ್ಕೆ ಅದೇ ರೈಲುಮಾರ್ಗದಲ್ಲಿರುವ ನಾಲಾಸೋಪಾರದಲ್ಲಿ ಸ್ಫೋಟಕಗಳು ಪತ್ತೆಯಾದುವು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲಬುರ್ಗಿಯವರ ಪ್ರಕರಣವನ್ನೂ ಅದೇ ತಂಡಕ್ಕೆ ವಹಿಸಿತು. 2024ರಲ್ಲಿ ದಾಭೋಲ್ಕರರ ಹತ್ಯೆಗಾಗಿ ಇಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು.

ಹೀಗಿರಲು, ಸಹಕಾರವನ್ನು ತಡೆಯುವ ಗಡಿಯು ಭೂಪಟದಲ್ಲಿರುವುದಕ್ಕಿಂತ ಹೆಚ್ಚಾಗಿ ಕಚೇರಿಯ ನಡವಳಿಕೆಯಲ್ಲಿದೆ ಎನ್ನಬೇಕಾಗುತ್ತದೆ. ತಾನು ಮಾಡಿದ ಬಂಧನಗಳಿಂದಲೇ ಅಧಿಕಾರಿಯ ಯೋಗ್ಯತೆಯನ್ನು ಅಳೆಯುವಲ್ಲಿ, ಸುಳಿವನ್ನು ಹಂಚುವುದು ನಷ್ಟವೆನಿಸುತ್ತದೆ. ಮೊದಲ ಆರೋಪವನ್ನು ತಿದ್ದುವುದು ಸೋಲೆನಿಸುತ್ತದೆ. ಅಮೆರಿಕದಲ್ಲಿಯೂ 2001ರ ಸೆಪ್ಟೆಂಬರ್ 11ರ ದಾಳಿಯನ್ನು ವಿಚಾರಿಸಿದ ಆಯೋಗವು, ಇಲಾಖೆಗಳು ಮಾಹಿತಿಯನ್ನು ತಮ್ಮಲ್ಲಿಯೇ ಬಚ್ಚಿಟ್ಟುಕೊಳ್ಳುವ ರೂಢಿಯನ್ನು 2004ರಲ್ಲಿ ಆಕ್ಷೇಪಿಸಿತು.

ಎರಡು ಶಾಖೆಗಳ ಲೆಕ್ಕ ಕೂಡದಿದ್ದರೆ ಯಾವ ಬ್ಯಾಂಕೂ ಎರಡನ್ನೂ ಸರಿಯೆಂದು ಒಪ್ಪದು. ತಾಳೆ ನೋಡಿಯೇ ಮುಂದುವರಿಯುತ್ತದೆ. ಎರಡು ತನಿಖೆಗಳು ಪರಸ್ಪರ ವಿರುದ್ಧವಾದಾಗ ಆ ವಿರೋಧವನ್ನು ತಡಮಾಡದೆ ನ್ಯಾಯಾಲಯದ ಮುಂದಿಡುವುದು ಅಧಿಕಾರಿಯ ಕರ್ತವ್ಯವಾಗಬೇಕು. ಕೊಟ್ಟ ಸುಳಿವಿನ ಶ್ರೇಯಸ್ಸು ಕೊಟ್ಟವನಿಗೆ ಸಲ್ಲಬೇಕು. ಇವೆರಡೂ ಇಲ್ಲದಿದ್ದರೆ ಹೊಸ ಶಾಸನಗಳಿಂದ ಕಚೇರಿಗಳ ಸಂಖ್ಯೆ ಹೆಚ್ಚೀತೇ ಹೊರತು ಸಹಕಾರ ಹೆಚ್ಚಲಾರದು.