ಆರು ಚುಕ್ಕೆಯ ಬೇಟೆಗಾರ

ಜತ್ತ ತಾಲೂಕಿನಂಥ ಬರಡುಸೀಮೆಯ ಅಂಗಳದಲ್ಲಿ ದೊಡ್ಡ ಕಪ್ಪು ಜೀರುಂಡೆ ಕಂಡರೆ ಮೊದಲು ಚುಕ್ಕೆ ಎಣಿಸಬೇಕು. ಸುಮಾರು 4 ಸೆಂ.ಮೀ. ಉದ್ದ, ಎದೆಗವಚದ ಮೇಲೆ 2, ಬೆನ್ನಿನ ಮೇಲೆ 4 ಬಿಳಿ ಚುಕ್ಕೆಗಳಿದ್ದರೆ ಅದು ಆಂಥಿಯಾ ಸೆಕ್ಸ್‌ಗಟ್ಟಾಟಾ. ಲ್ಯಾಟಿನ್ ಹೆಸರಿನಲ್ಲೇ ‘ಆರು ಹನಿ’ಗಳಿವೆ. 1775ರಲ್ಲಿ ಕೀಟಶಾಸ್ತ್ರಜ್ಞ ಫ್ಯಾಬ್ರಿಶಿಯಸ್ ಇದನ್ನು ವರ್ಣಿಸಿದ. ಹಾರಲಾರದ ಇದರ ಬಲವೆಲ್ಲ ಕಾಲಿನಲ್ಲಿ. ಬೇರೆ ಹುಳಗಳೇ ಇದರ ಆಹಾರ. ‘ವಿಷದ ಹುಳ, ಹೊಸಕಿಬಿಡಿ’ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ: ಕೆಣಕಿದರೆ ಉರಿಯುವ ಆಮ್ಲ ಚಿಮ್ಮಿಸುತ್ತದೆ, ಕಣ್ಣಿಗೆ ಅಪಾಯ. ಆದರೆ ಬಿಳಿ ಚುಕ್ಕೆಗಳು ಸಾರುವುದೂ ಅದನ್ನೇ, ‘ಮುಟ್ಟಬೇಡ’ ಎಂದು. ‘ಹೆಸರು ತಿಳಿದು ಏನು ಬಂತು?’ ಎಂದರೆ ಉತ್ತರ ಸರಳ. ಹೆಸರು ತಿಳಿದವನು ಚಪ್ಪಲಿ ಎತ್ತುವುದಿಲ್ಲ, ದಾರಿ ಬಿಡುತ್ತಾನೆ.