ಲೀಲಾವತಿಯ ಗುಣನಪ್ರಕರಣವೂ ಮನೆಯ ಲೆಕ್ಕದ ಪಾಠವೂ

ಭಾಸ್ಕರಾಚಾರ್ಯನು ಕ್ರಿ. ಶ. 1150ರಲ್ಲಿ ರಚಿಸಿದ ಲೀಲಾವತಿಗೆ ಸಂದಿರುವ ಪ್ರಶಂಸೆಯಲ್ಲಿ ಬಹುಭಾಗವು ಪದ್ಯಗಳ ಲಾಲಿತ್ಯಕ್ಕೂ ಗ್ರಂಥನಾಮಕ್ಕೆ ಅಂಟಿಕೊಂಡ ಮಗಳ ಕಥೆಗೂ ವ್ಯಯವಾಗಿದೆ. ಆ ಕಥೆಯು 1587ರಲ್ಲಿ ಫೈಜಿಯು ಮಾಡಿದ ಪಾರಸಿ ಭಾಷಾಂತರದಿಂದ ಹರಡಿತು. ಮೂಲದಲ್ಲಿ ಅದಕ್ಕೆ ಆಧಾರವಿಲ್ಲ. ಅಲ್ಲಿ ಸಂಬೋಧನೆಯು ಒಮ್ಮೆ ಬಾಲೆಗೆ, ಒಮ್ಮೆ ಸಖನಿಗೆ, ಮತ್ತೊಮ್ಮೆ ವರ್ತಕನಿಗೆ. ಎಳೆಯರಿಗೆ ಲೆಕ್ಕ ಹೇಳಿಕೊಡುವವರು ಪರಿಶೀಲಿಸಬೇಕಾದ ಗುಣವು ಬೇರೆಡೆಯಲ್ಲಿದೆ.

ಸಂಕಲನದ ಉದಾಹರಣೆಯನ್ನೇ ನೋಡಬಹುದು. 2, 5, 32, 193, 18, 10, 100 ಎಂಬ ಏಳು ಸಂಖ್ಯೆಗಳನ್ನು ಕೂಡಿಸಿ, ಮೊತ್ತವಾದ 360ನ್ನು 10000ದಿಂದ ಕಳೆಯೆನ್ನುತ್ತಾನೆ. ಒಂದಂಕಿಯದೂ ಮೂರಂಕಿಯದೂ ಬೆರೆತಿರುವುದರಿಂದ ಸ್ಥಾನವರಿಯದ ಮಗುವು ಕೂಡಿಸುವಾಗಲೇ ಎಡವುತ್ತದೆ. ಅದನ್ನು ದಾಟಿದರೆ, ಸಾಲುಸೊನ್ನೆಗಳ ಮೇಲಿಂದ ದಶಕ ಎರವು ತರುವಾಗ ಮತ್ತೊಮ್ಮೆ ಎಡವುತ್ತದೆ. ಪಾಠ ಹೇಳಿ ಬಲ್ಲವನಲ್ಲದೆ ಇಂಥ ಅಂಕಿಗಳನ್ನು ಆರಿಸಲಾರನು.

ಗುಣನಪ್ರಕರಣವಂತೂ ಇದಕ್ಕಿಂತ ಮಿಗಿಲಾದುದು. ಪ್ರಶ್ನೆಯು ಒಂದೇ: 135ನ್ನು 12ರಿಂದ ಗುಣಿಸುವುದು. ದಾರಿಗಳು ಮಾತ್ರ ಹಲವು. ಒಂದೊಂದು ಅಂಕಿಯನ್ನೂ 12ರಿಂದ ಗುಣಿಸಿ ಸ್ಥಾನಕ್ರಮದಲ್ಲಿ ಕೂಡಿಸಬಹುದು. 12ನ್ನು 8, 4 ಎಂದು ಒಡೆದು 1080ನ್ನೂ 540ನ್ನೂ ಕೂಡಿಸಬಹುದು. ಮೂರರಿಂದ ಗುಣಿಸಿ ಬಂದ 405ನ್ನು ನಾಲ್ಕರಿಂದ ಗುಣಿಸಬಹುದು. ಹತ್ತರಿಂದ ಗುಣಿಸಿದ 1350ಕ್ಕೆ ಎರಡರಿಂದ ಗುಣಿಸಿದ 270ನ್ನು ಸೇರಿಸಬಹುದು. ಇಪ್ಪತ್ತರಿಂದ ಗುಣಿಸಿ 2700ರಲ್ಲಿ 1080ನ್ನು ಕಳೆಯಲೂಬಹುದು. ಎಲ್ಲಕ್ಕೂ ಫಲ 1620. ಇವುಗಳಲ್ಲಿ ಒಂದು ಉತ್ತಮ, ಒಂದು ಅಧಮವೆಂದು ಆಚಾರ್ಯನು ಹೇಳುವುದಿಲ್ಲ.

ಈಗಿನ ಮನೆಗಳಲ್ಲಿ ಸಂಜೆಯ ಹೊತ್ತು ನಡೆಯುವುದು ಇದಕ್ಕೆ ತೀರ ವಿರುದ್ಧ. ಮಗುವು ಬಾಯಲ್ಲೇ ಹತ್ತರದನ್ನೂ ಎರಡರದನ್ನೂ ಕೂಡಿಸಿ ಉತ್ತರ ಹೇಳಿದರೆ, ಶಾಲೆಯ ಪುಸ್ತಕದಲ್ಲಿ ಹಾಗಿಲ್ಲವೆಂದು ತಾಯಿ ಅಳಿಸಿಹಾಕಿಸುತ್ತಾಳೆ. ತಂದೆಯು ತಾನು ಕಲಿತ ಕ್ರಮವನ್ನು ತೋರಿಸಿದರೆ ಮರುದಿನ ಉಪಾಧ್ಯಾಯರು ಅದಕ್ಕೆ ಕೆಂಪುಗೆರೆ ಎಳೆಯುತ್ತಾರೆ. ಎರಡು ದಾರಿಯೂ ಒಂದೇ ಊರಿಗೆ ಹೋಗುವುವೆಂದು ಆ ಮಗುವಿಗೆ ಹೇಳುವವರಿಲ್ಲ. ಮಗುವಿನ ಆಲೋಚನೆಯೇ ಗಣಿತೀಯವಾಗಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಬಯಸಿತಾದರೂ ಉತ್ತರಪತ್ರಿಕೆಯ ಭಯವು ಅದಕ್ಕಿಂತ ಬಲವಾದುದು.

ಲೀಲಾವತಿಯಲ್ಲಿ ದೋಷಗಳಿಲ್ಲವೆಂದಲ್ಲ. ಹೂವಿಂದ ಹೂವಿಗೆ ಹಂಚಿಹೋಗುವ ದುಂಬಿಗಳ ಪದ್ಯದಲ್ಲಿ ಐದನೆಯ ಒಂದು, ಮೂರನೆಯ ಒಂದು, ಅವುಗಳ ಅಂತರದ ಮೂರು ಪಾಲು ಎಂದು ಮುಂದುವರಿದು ಉಳಿದುದೊಂದು, ಉತ್ತರ ಹದಿನೈದು. ಪದ್ಯವು ರಮಣೀಯವೇ ಸರಿ, ಆದರೆ ಮಗುವಿನ ಗಮನವು ಕೇದಗೆಯ ಕಂಪಿನಲ್ಲಿಯೇ ನಿಂತುಬಿಡುವುದು. ನೃಪತುಂಗನನ್ನು ಸ್ತುತಿಸಿ ಒಂಬತ್ತನೆಯ ಶತಮಾನದಲ್ಲಿ ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯನು ಈ ವಿಷಯದಲ್ಲಿ ಹೆಚ್ಚು ಜಾಣ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸರವೇ ಬರುತ್ತದೆ. ಬೆರಗು ಅಂಕಿಗಳಲ್ಲಿಯೇ ಇರುವುದರಿಂದ ಅಲಂಕಾರವು ಲೆಕ್ಕಕ್ಕೆ ಅಡ್ಡಬರುವುದಿಲ್ಲ.

ಇನ್ನೊಂದು ಕೊರತೆಯು ಇದಕ್ಕಿಂತ ಗುರುತರವಾದುದು: ಯಾವ ಸಂಖ್ಯೆಗೆ ಯಾವ ದಾರಿಯು ಹಗುರವೆಂಬುದನ್ನು ಭಾಸ್ಕರನು ಬಾಯಿಪಾಠದ ಗುರುವಿಗೆ ಬಿಟ್ಟುಬಿಟ್ಟಿದ್ದಾನೆ. ಕನ್ನಡನಾಡಿನ ಮಠದ ಶಾಲೆಗಳಲ್ಲಿ ಹುಡುಗರು ಮರಳ ಮೇಲೆ ತಿದ್ದಿ, ಒಕ್ಕೊರಲಿನಿಂದ ಹೇಳುತ್ತಿದ್ದ ಕಾಲುಮಗ್ಗಿ, ಅರೆಮಗ್ಗಿ, ಮುಕ್ಕಾಲುಮಗ್ಗಿಗಳು ಈ ಕೊರತೆಯನ್ನು ಒಂದಿಷ್ಟು ತುಂಬುತ್ತಿದ್ದುವು. 1957ರಲ್ಲಿ ದಶಮಾಂಶದ ನಾಣ್ಯವು ಬಂದು ಆಣೆಯ ಲೆಕ್ಕ ಹೋದಮೇಲೆ ಅವು ನಿಷ್ಪ್ರಯೋಜಕವೆಂದು ಮನೆಗಳಿಂದಲೂ ಮರೆಯಾದುವು. ಆದರೆ ಕಾಲುಮಗ್ಗಿ ಬಲ್ಲ ಅಜ್ಜಿಯೊಬ್ಬಳು ಮನೆಯಲ್ಲಿದ್ದರೆ, ಮೂವತ್ತಾರನ್ನು ಇಪ್ಪತ್ತೈದರಿಂದ ಗುಣಿಸಲು ಮಗುವಿಗೆ ಕಾಗದವೇ ಬೇಡ. ಮೂವತ್ತಾರರ ಕಾಲು ಒಂಬತ್ತು. ಇಪ್ಪತ್ತೈದು ನೂರರ ಕಾಲಾದುದರಿಂದ ಒಂಬತ್ತು ನೂರು.