ಸ್ಕಿಜೋಫ್ರೀನಿಯಾದಲ್ಲಿ ಖಿನ್ನತೆಯ ಅಳತೆ: ಒಂದು ಪರಿಶೀಲನೆ

ಅಳೆಯುವ ಕೋಲು ಎಷ್ಟೇ ನೇರವಾಗಿದ್ದರೂ, ಅಳೆಯಬೇಕಾದ ವಸ್ತು ಯಾವುದೆಂಬುದು ಮೊದಲು ನಿಶ್ಚಯವಾಗದಿದ್ದರೆ ದೊರೆತ ಅಂಕಿಗೆ ಬೆಲೆಯಿಲ್ಲ. ಮನೋವಿಜ್ಞಾನದಲ್ಲಿ ಈ ಮಾತಿಗೆ ತಕ್ಕ ನಿದರ್ಶನವೆಂದರೆ ಸ್ಕಿಜೋಫ್ರೀನಿಯಾ ರೋಗಿಗಳ ಖಿನ್ನತೆಯನ್ನು ಅಳೆಯುವ ಪ್ರಯತ್ನ. ಇದಕ್ಕೆಂದೇ ನಿರ್ಮಿತವಾದ ಕ್ಯಾಲ್ಗರಿ ಮಾಪಕವನ್ನು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಆಡುನುಡಿಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ರೋಗಿಯು ಮೂಲೆ ಹಿಡಿದು ಕುಳಿತಿದ್ದಾನೆ; ಮಾತಿಲ್ಲ, ಕೆಲಸದಲ್ಲಿ ಆಸಕ್ತಿಯಿಲ್ಲ, ಮುಖದಲ್ಲಿ ಭಾವವಿಲ್ಲ. ರೋಗದಿಂದಲೇ ಅವನ ಭಾವಗಳು ಬತ್ತಿರಬಹುದು. ಔಷಧದ ಪರಿಣಾಮವಾಗಿ ಸ್ನಾಯುಗಳು ಬಿಗಿದು ಚಲನೆ ಮಂದವಾಗಿರಬಹುದು. ಅಥವಾ ಅವನು ನಿಜವಾಗಿಯೂ ದುಃಖದಲ್ಲಿ ಮುಳುಗಿರಬಹುದು. ಹೊರಗಣ್ಣಿಗೆ ಮೂರೂ ಒಂದೇ. ಚಿಕಿತ್ಸೆಯಾದರೋ ಮೂರಕ್ಕೂ ಬೇರೆ ಬೇರೆ. ಮೂರನೆಯದನ್ನು ಕಾಣದೆ ಹೋದರೆ ಪ್ರಾಣಕ್ಕೇ ಅಪಾಯ. ಈ ರೋಗಿಗಳಲ್ಲಿ ನೂರಕ್ಕೆ ಸುಮಾರು 5 ಮಂದಿ ಆತ್ಮಹತ್ಯೆಯಿಂದ ಸಾಯುವರೆಂಬ ಅಂದಾಜನ್ನು ಇಲ್ಲಿ ನೆನೆಯಬೇಕು.

ಮ್ಯಾಕ್ಸ್ ಹ್ಯಾಮಿಲ್ಟನ್ ಅವರು 1960ರಲ್ಲಿ ಪ್ರಕಟಿಸಿದ ಮಾಪಕವು ಖಿನ್ನತೆಯೆಂದು ಆಗಲೇ ನಿರ್ಣಯವಾದವರಿಗಾಗಿ ರಚಿತವಾದುದು. ಚಲನೆಯ ಮಾಂದ್ಯ, ಕೆಲಸದಲ್ಲಿ ನಿರಾಸಕ್ತಿ ಮೊದಲಾದುವಕ್ಕೂ ಅದು ಅಂಕ ಕೊಡುತ್ತದೆ. ಆದುದರಿಂದ ಸ್ಕಿಜೋಫ್ರೀನಿಯಾದಲ್ಲಿ ಅದು ಮೇಲಿನ ಮೂರನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಈ ದೋಷವನ್ನು ನೀಗಲು ಕೆನಡಾದ ಕ್ಯಾಲ್ಗರಿಯಲ್ಲಿ ಡೊನಾಲ್ಡ್ ಆಡಿಂಗ್ಟನ್, ಜೀನ್ ಆಡಿಂಗ್ಟನ್ ಮತ್ತು ಸಂಗಡಿಗರು 1990ರಲ್ಲಿ ಹೊಸ ಮಾಪಕವನ್ನು ಮುಂದಿಟ್ಟರು. ಅದರಲ್ಲಿ 9 ಅಂಶಗಳು. ಪ್ರತಿಯೊಂದಕ್ಕೂ 0ಯಿಂದ 3ರ ವರೆಗೆ ಅಂಕ. 8 ಅಂಶಗಳು ರೋಗಿಯನ್ನು ಕೇಳಿ ತಿಳಿಯುವಂಥವು. ಕೊನೆಯದೊಂದೇ ನೋಡಿ ತಿಳಿಯುವಂಥದು. ಕಂಡದ್ದಕ್ಕಿಂತ ಕೇಳಿದ್ದನ್ನು ನಂಬಿದ್ದೇ ಅದರ ಹಿರಿಮೆ. ಆದರೆ ಕೇಳಿ ತಿಳಿಯಬೇಕಾದುದು ಕೇಳುವ ಭಾಷೆಯನ್ನು ಅವಲಂಬಿಸಿದೆ. ನಮ್ಮ ತಕರಾರು ಇಲ್ಲಿಂದ ಮೊದಲಾಗುತ್ತದೆ.

‘ಖಿನ್ನತೆ’ ಎಂಬುದು ಗ್ರಂಥಸ್ಥ ಶಬ್ದ. “ನಿಮಗೆ ಖಿನ್ನತೆ ಇದೆಯೇ?” ಎಂದರೆ ಬ್ಯಾಡಗಿಯ ಕೂಲಿಕಾರನು “ಹಂಗಂದ್ರ ಏನ್ರೀ?” ಎಂದಾನು. ಅವನ ಮಾತು ‘ಬ್ಯಾಸರ’. ಕೆಲಸವಿಲ್ಲದವನ ಬೇಜಾರು, ದುಡಿದವನ ದಣಿವು, ಮಗನನ್ನು ಕಳೆದುಕೊಂಡವಳ ಸಂಕಟ ಎಲ್ಲವೂ ಈ ಒಂದೇ ಶಬ್ದದಲ್ಲಿ ಅಡಗಿವೆ. ಆದುದರಿಂದ “ಬ್ಯಾಸರ ಆಗೈತ್ರಿ” ಎಂಬ ಉತ್ತರಕ್ಕೆ ಕೂಡಲೇ ಅಂಕ ಹಾಕಲಾಗದು. “ಅಳು ಬರತೈತೇನ್ರಿ? ಜಾತ್ರಿಗೆ ಮಂದಿ ಕೂಡಿದಾಗ ಮನಸ್ಸು ಹಗುರ ಆಗತೈತೇನ್ರಿ?” ಎಂದು ಮುಂದುವರಿಯಬೇಕು. ಹಾಗೆಯೇ, ಮುಂದಿನ ಬಾಳಿನ ಬಗೆಗೆ ಕೇಳಿದಾಗ “ಹಣೇಬರದಾಗ ಇದ್ದಂಗ ಆಗತೈತ್ರಿ” ಎಂದರೆ ಅದು ನಿರಾಶೆಯೋ, ಸಹನೆಯೋ? ಶಬ್ದವೊಂದೇ ಇದನ್ನು ತಿಳಿಸಲಾರದು.

ಬೇಗ ಎಚ್ಚರವಾಗುವುದೂ ಮಾಪಕದ ಒಂದು ಅಂಶ. ರಾಣೇಬೆನ್ನೂರಿನ ಬೀಜೋತ್ಪಾದನೆಯ ಹೊಲಗಳಲ್ಲಿ ಪರಾಗಸ್ಪರ್ಶ ಬೆಳಗಿನ ಕೆಲಸ. ದುಡಿಯುವವರು ನಸುಕಿನಲ್ಲಿಯೇ ಏಳುತ್ತಾರೆ. ಮಾಪಕವು ಕೇಳುವುದು ರೂಢಿಯ ಹೊತ್ತಿಗಿಂತ ಒಂದು ತಾಸಾದರೂ ಮುಂಚೆ ಎಚ್ಚರವಾಗುವುದೇ ಎಂದು. ಆ ರೂಢಿಯ ಹೊತ್ತನ್ನು ಮೊದಲು ಕೇಳಿಕೊಳ್ಳದವನು ದುಡಿಮೆಯನ್ನೇ ರೋಗವೆಂದು ಬರೆದಾನು. ಇನ್ನು, ಜನರು ತನ್ನನ್ನು ದೂರುತ್ತಾರೆಂಬ ಭಾವನೆಯ ಪ್ರಶ್ನೆ. ಸಕಾರಣವಾದ ದೂಷಣೆಯನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಮಾಪಕವೇ ಎಚ್ಚರಿಸುತ್ತದೆ. ಆದರೆ ಮನೆಯವರೂ ನೆರೆಯವರೂ ಕಾರಣವಿಲ್ಲದೆಯೇ ರೋಗಿಯನ್ನು ದೂರುತ್ತಿದ್ದರೆ, ಅವನ ಮಾತು ಲಕ್ಷಣವಲ್ಲ, ವರದಿ.

ಇಷ್ಟಲ್ಲದೆ, ಒಟ್ಟು ಅಂಕದ ಮೇಲಣ ಭರವಸೆಯನ್ನೂ ಮಿತಗೊಳಿಸಬೇಕು. ನಿರ್ಮಾಪಕರ ಲೆಕ್ಕದಂತೆ 6ನ್ನು ಮೀರಿದ ಅಂಕವು ತೀವ್ರ ಖಿನ್ನತೆಯುಳ್ಳವರಲ್ಲಿ ನೂರಕ್ಕೆ 85 ಮಂದಿಯನ್ನು ಹಿಡಿಯುತ್ತದೆ. ಇಲ್ಲದವರಲ್ಲಿ 82 ಮಂದಿಯನ್ನು ಸರಿಯಾಗಿ ಬಿಡುತ್ತದೆ. ಕ್ಯಾಲ್ಗರಿಯಲ್ಲಿ ಎಳೆದ ಈ ಗೆರೆಯನ್ನು ಪರೀಕ್ಷಿಸದೆ ಹಾವೇರಿಯಲ್ಲಿ ಎಳೆಯುವುದು ಶಾಸ್ತ್ರಸಮ್ಮತವಲ್ಲ. ಮೇಲಾಗಿ, ಸಾಯುವ ಯೋಚನೆಯ ಅಂಶಕ್ಕೆ 2 ಬಂದು ಉಳಿದುವುಗಳಿಗೆ ಸೊನ್ನೆ ಬಂದರೆ ಮೊತ್ತ 2 ಮಾತ್ರ. ಆ ಮೊತ್ತವನ್ನು ನೋಡಿ ರೋಗಿಯನ್ನು ಮನೆಗೆ ಕಳಿಸುವುದು ಸಲ್ಲದು. ಮಾತೇ ಹೊರಡದವನಿಗೂ ಕಡಿಮೆ ಅಂಕ ಬೀಳುವುದು ಸಹಜ. ಆಗ ಜೊತೆಗೆ ಬಂದ ತಾಯಿಯೋ ಅಣ್ಣನೋ ಅವನ ಪರವಾಗಿ ಉತ್ತರಿಸುತ್ತಾರೆ. ಅವರು ಕಂಡದ್ದನ್ನು ಹೇಳಬಲ್ಲರು, ಅವನು ಅನುಭವಿಸಿದ್ದನ್ನಲ್ಲ.

1997ರಲ್ಲಿ ಧಾರವಾಡದಿಂದ ಬೇರೆಯಾಗಿ ರೂಪುಗೊಂಡ ಹಾವೇರಿ ಜಿಲ್ಲೆಯ ನುಡಿಯು ಮನೋವಿಜ್ಞಾನದ ವಿದ್ಯಾರ್ಥಿಗಳಿಗೆ ತೆರೆದ ಕ್ಷೇತ್ರ. ಇಲ್ಲಿ ಬೇಕಾದುದು ಬರಿಯ ಭಾಷಾಂತರವಲ್ಲ. ಜನರ ಬಾಯಿಯ ಮಾತುಗಳನ್ನು ಸಂಗ್ರಹಿಸಿ, ಅವುಗಳ ಅರ್ಥಭೇದಗಳನ್ನು ಗೊತ್ತುಮಾಡಿ, ಆ ಬಳಿಕ ಪ್ರಶ್ನೆಗಳನ್ನು ಕಟ್ಟಿ, ಮನೋವೈದ್ಯರ ಸ್ವತಂತ್ರ ನಿರ್ಣಯದೊಡನೆ ಹೋಲಿಸಿ ನೋಡಬೇಕು. ಕ್ಯಾಲ್ಗರಿ ಮಾಪಕವನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ರೋಗಿಯನ್ನೇ ಕೇಳು ಎಂಬ ಅದರ ತತ್ತ್ವವನ್ನು ಕೊನೆಯ ವರೆಗೂ ನಡೆಸಬೇಕೆನ್ನುತ್ತೇವೆ. ಅವನಿಗೆ ತಿಳಿಯದ ಮಾತಿನಲ್ಲಿ ಕೇಳಿದರೆ ಕೇಳಿದಂತಾಗುವುದಿಲ್ಲ.